ಒಂದನ್ನೂ ಬಿಡಬೇಡಿ

"ಕಥೆ ಚೆನ್ನಾಗಿಲ್ಲ ಅಕ್ಕಾ," ಎಂದಳು ನಿವೇತಾ, ಕೊನೆಯ ಹಾಳೆಯನ್ನು ಮೇಜಿನ ಮೇಲಿಟ್ಟು.

ತಂಗಮಣಿ ತಟ್ಟನೆ ಎದ್ದು ನಿಂತಳು. ಊಟಿಯ ಬೇಕರಿಯೊಂದರ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಬರಹಗಾರರ ಕೂಟಕ್ಕೆ ಅವಳು ಬಂದದ್ದು ಇದೇ ಮೊದಲು. ಆ ದಿನದ ಟೀ ಎಲೆ ಕೀಳುವ ಕೆಲಸ ಬಿಟ್ಟು, ಹತ್ತಿರದ ಸೋಲೂರಿನಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಮೈಸೂರು, ಬೆಂಗಳೂರಿನ ಪತ್ರಿಕೆಗಳಿಗೆ ಕಳಿಸಿದ ಇದೇ ಕಥೆ ಹೋದಲ್ಲೆಲ್ಲ ತಿರುಗಿ ಬಂದಿತ್ತು. ಯಾಕೆಂದು ಯಾರೂ ಒಂದು ಮಾತು ಹೇಳಿರಲಿಲ್ಲ. ಮನೆಯಲ್ಲಿ ಕೇಳಿದರೆ "ಚೆನ್ನಾಗಿದೆ" ಎನ್ನುವವರೇ ಎಲ್ಲ. ಯಾಕೆ ಬೇಡವಾಯಿತೆಂದು ತಿಳಿದುಕೊಂಡೇ ಬರುತ್ತೇನೆ, ಇಲ್ಲದಿದ್ದರೆ ಇನ್ನು ಪೆನ್ನು ಮುಟ್ಟುವುದಿಲ್ಲ ಎಂದು ಗಂಡನಿಗೆ ಹೇಳಿ ಹೊರಟಿದ್ದಳು. ಆದರೆ ತಿಳಿಯಬೇಕೆಂದು ಹಟ ಹಿಡಿಯುವುದು ಬೇರೆ, ಮುಖದೆದುರು ಹೇಳಿಸಿಕೊಳ್ಳುವುದು ಬೇರೆ.

"ಕೂತ್ಕೊಳ್ಳಿ ಅಮ್ಮಾ," ಎಂದರು ಸುಧಾಕರನ್. ಕೂಟ ನಡೆಸುವವರು ಅವರೇ. ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಆಯುಷ್ಯ ಕಳೆದು ನಿವೃತ್ತರಾದ ಅವರಿಗೆ, ಸಿಡಿಯುವಂಥದ್ದರ ಹತ್ತಿರ ಮೆತ್ತಗೆ ಮಾತಾಡುವ ಅಭ್ಯಾಸವಿತ್ತು. "ನಮ್ಮಲ್ಲಿ ಒಂದು ಕಟ್ಟುಪಾಡು. ಒಬ್ಬರ ಕಥೆ ಇನ್ನೊಬ್ಬರು ಓದ್ತಾರೆ. ತಪ್ಪೆಲ್ಲ ಹೇಳಿ ಮುಗಿಯೋ ತನಕ ಬರೆದೋರು ಬಾಯಿ ಬಿಡಂಗಿಲ್ಲ. ನನ್ನ ಪುಸ್ತಕ ಅಚ್ಚಾಗೋ ಮುಂಚೆ ನಾನೂ ಅದೇ ಕುರ್ಚಿಲಿ ಕೂತು ಕೇಳಿದೀನಿ. ಮನೇಗೆ ಹೋಗಿ ಅತ್ತೂ ಬಿಟ್ಟಿದೀನಿ."

ತಂಗಮಣಿ ಕುಳಿತಳು. ಕೂತದ್ದು ಹೆಸರಿಗೆ, ಅಷ್ಟೇ.

ನಿವೇತಾ ಗೂಡಲೂರಿನ ಶಾಲೆಯ ಟೀಚರ್. ಎರಡು ಪುಸ್ತಕ ಬರೆದವಳು, ಮುಲಾಜಿಲ್ಲದವಳು. "ಅತ್ತೆ ಸಾಯೋ ಕಥೆ. ಆದ್ರೆ ಈ ಅತ್ತೆ ಒಂದು ದಿನ ಬೈಯಲ್ಲ, ಸಿಟ್ಟಾಗಲ್ಲ, ಸೊಸೆಗೆ ದಿನಾ ಕಾಫಿ ಬೇರೆ ಮಾಡಿಕೊಡ್ತಾರೆ. ಇಂಥೋರು ಸತ್ತರೆ ನಂಗೆ ಅಳು ಬರಲ್ಲ ಅಕ್ಕಾ. ಬದುಕಿದ್ರು ಅಂತಾನೇ ಅನಿಸಲ್ಲ."

"ಸತ್ತೋರ ತಪ್ಪು ಎತ್ತಿ ಆಡ್ಲಾ ಹಾಗಾದ್ರೆ?" ತಂಗಮಣಿ ಮತ್ತೆ ಎದ್ದಳು. "ಅದನ್ನ ಓದಿ ಹೊರಗಿನೋರು ನಮ್ಮ ಹಟ್ಟಿ ಬಗ್ಗೆ ಏನಂದ್ಕೊಬೇಕು?" ಹಾಳೆಗಳನ್ನು ಬಾಚಿ ಚೀಲಕ್ಕೆ ತುರುಕಿ, ಶಾಲು ಹೊದ್ದು ದಡದಡ ಮೆಟ್ಟಿಲಿನ ಕಡೆ ನಡೆದಳು. ಯಾರೂ ತಡೆಯಲಿಲ್ಲ.

ಎರಡು ಮೆಟ್ಟಿಲು ಇಳಿದವಳು ಅಲ್ಲೇ ನಿಂತಳು. ತಾನಾಡಿದ ಮಾತೇ ಕಾಲಿಗೆ ತೊಡರಿತ್ತು.

ಸತ್ತವರ ತಪ್ಪು ಎತ್ತಿ ಆಡುವುದಿಲ್ಲವೇ? ತನ್ನ ಅತ್ತೆಯ ಶವದ ಪಕ್ಕ ನಿಂತು ಹಟ್ಟಿಯ ಹಿರಿಯರು ಹೇಳಿದ್ದೇನು ಮತ್ತೆ? ಹರಿಯುವ ಹಾವನ್ನು ಕೊಂದಿದ್ದರೆ, ಹೊಲದ ಗಡಿಕಲ್ಲು ಸರಿಸಿದ್ದರೆ, ದಾರಿ ಕೇಳಿದವರಿಗೆ ತಪ್ಪು ದಾರಿ ತೋರಿಸಿದ್ದರೆ... ಒಂದೊಂದಕ್ಕೂ ನೆರೆದ ಜನವೆಲ್ಲ "ಅದು ಪಾಪ" ಎಂದು ಒಟ್ಟಿಗೆ ದನಿಗೂಡಿಸಿದ್ದರು. ನೀಲಗಿರಿಯ ಬಡಗರ ಹಟ್ಟಿಗಳಲ್ಲಿ ಸತ್ತವರನ್ನು ಕಳಿಸಿಕೊಡುವುದೇ ಹಾಗೆ. ಮಾಡಿದ್ದು, ಮಾಡಿರಬಹುದಾದದ್ದು ಎಲ್ಲವನ್ನೂ ಎಲ್ಲರೆದುರು ಹೇಳಿ ಇಳಿಸಿದರೆ ಜೀವ ಹಗುರವಾಗಿ ಹೋಗುತ್ತದೆ. ಅಂದು ತಂಗಮಣಿಯ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಕಥೆ ಬರೆಯುವಾಗ ಮಾತ್ರ ಆ ಭಾಗವನ್ನೇ ನುಂಗಿಬಿಟ್ಟಿದ್ದಳು. ಹೆಣಕ್ಕೆ ಬೈಯುವ ಜನ ಎಂದು ಹೊರಗಿನವರು ನಕ್ಕರೆ ಎಂಬ ನಾಚಿಕೆ. ಹಟ್ಟಿಯಲ್ಲಿ ಹಗುರಾಗಿ ಹೋದ ಅತ್ತೆಯನ್ನು ಅವಳೇ ಹಾಳೆಯ ಮೇಲೆ ಕಟ್ಟಿ ಕೂರಿಸಿದ್ದಳು. ಅವಳಿಗೆ ತನ್ನ ಮೇಲೇ ಕೆಟ್ಟ ಕೋಪ ಬಂತು.

ತಿರುಗಿ ಮೇಲೆ ಬಂದಳು. ಚೀಲದಿಂದ ಹಾಳೆಗಳನ್ನು ತೆಗೆದು ನಿವೇತಾಳ ಮುಂದೆ ಇಟ್ಟಳು.

"ನನ್ನ ಮಾಮಿ, ನಮ್ಮತ್ತೆ, ಕಾಫಿ ಮಾಡಿಕೊಟ್ಟದ್ದು ಸುಳ್ಳು," ಎಂದಳು. "ನಾನು ಬರೆದ ಕಾಗದ ಎಲ್ಲಾ ಒಲೆಗೆ ಹಾಕ್ತಿದ್ರು. ಬೆಳಿಗ್ಗೆ ಎದ್ದ ಕೂಡ್ಲೇ ಕೇಳೋರು, 'ಏನೇ, ಒಲೆಗೆ ಇವತ್ತು ಏನೂ ಬರೆದಿಲ್ವಾ?' ಅಂತ. ಹಾಸಿಗೆ ಹಿಡಿದ ಮೇಲೂ ಅದೇ ಪ್ರಶ್ನೆ. ಈಗ ಬೆಳಿಗ್ಗೆ ಕೇಳೋಕೆ ಯಾರೂ ಇಲ್ಲ. ಅದಕ್ಕೇ ಈ ಕಥೆ ಬರೆದೆ."

ಕೆಳಗಿನ ಬೇಕರಿಯಲ್ಲಿ ವರ್ಕಿ ಬಿಸ್ಕತ್ತಿನ ತಟ್ಟೆ ಎಳೆಯುವ ಸದ್ದು ಮೇಲಕ್ಕೂ ಕೇಳಿಸಿತು. ನಿವೇತಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಕಣ್ಣನ್ನೂ ಒರೆಸಿಕೊಂಡಳು.

"ಇದನ್ನ ಬಿಟ್ಟು ಕಾಫಿ ಕುಡೀತಾ ಕೂತಿದ್ರಲ್ಲ ಅಕ್ಕಾ!"

ತಂಗಮಣಿ ಅದೇ ಕುರ್ಚಿಯಲ್ಲಿ ಕುಳಿತಳು. ಈ ಸಲ ನಿಜವಾಗಿಯೇ ಕುಳಿತಳು. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಇನ್ನೇನೇನಿದೆ, ಹೇಳಿ. ಒಂದನ್ನೂ ಬಿಡಬೇಡಿ. ಈ ಸಲ ಹೋದ್ರೆ ತಿರುಗಿ ಬರಬಾರದು."

ನಿವೇತಾ ಮೊದಲ ಹಾಳೆ ಎತ್ತಿಕೊಂಡಳು. "ಶುರುವಿನ ಎರಡು ಪುಟ ಬರೀ ಮಂಜಿನ ವರ್ಣನೆ."

"ಅದು ಪಾಪ," ಎಂದಳು ತಂಗಮಣಿ, ನಗದೆ.

ಸುಧಾಕರನ್ ಕಟ್ಟುಪಾಡು ನೆನಪಿಸಲು ಬಾಯಿ ತೆರೆದರು. ಅವರೂ ಹಟ್ಟಿಯಲ್ಲೇ ಹುಟ್ಟಿ ಬೆಳೆದವರು. ತೆರೆದ ಬಾಯಿ ಹಾಗೇ ನಿಂತಿತು.

"ಗಂಡ ಅನ್ನೋನು ಅರ್ಧದಲ್ಲೇ ಎಲ್ಲೋ ಕಾಣೆಯಾಗ್ತಾನೆ," ಎಂದಳು ನಿವೇತಾ, ಹಾಳೆ ಮಗುಚಿ.

"ಅದು ಪಾಪ," ಎಂದರು ಇಬ್ಬರೂ ಒಟ್ಟಿಗೆ.