ಇಳಿಸಿದ್ದು ಯಾರು?

ರಾತ್ರಿ ಹೊತ್ತು ಒಬ್ಬಳೇ ವಿಮಾನ ಹಾರಿಸಲು ಸಿಂಚನಾಳಿಗೆ ಒಪ್ಪಿಗೆ ಸಿಗಬೇಕಾದರೆ, ಕತ್ತಲಲ್ಲಿ ಅವಳೇ ಸರಿಯಾಗಿ ಇಳಿಸಿದಳೆಂದು ಗುರುಗಳಾದ ಕ್ಯಾಪ್ಟನ್ ಧನಪಾಲ್ ಬರೆದು ಸಹಿ ಹಾಕಬೇಕಿತ್ತು. ಆ ಪುಣ್ಯಾತ್ಮರ ನ್ಯಾಯವೇ ಬೇರೆ. ಪುಟ್ಟ ವಿಮಾನ ಹೂವಿನಂತೆ ಇಳಿದರೆ ಅದು ಅವರ ಕೈಚಳಕ, ಕುಕ್ಕಿಕೊಂಡು ಇಳಿದರೆ ಇವಳ ಕೈಗುಣ.

ಆ ರಾತ್ರಿಯೂ ಪಕ್ಕದ ಸೀಟಿನಿಂದ ಸಹಸ್ರನಾಮಾರ್ಚನೆ ನಡೆದೇ ಇತ್ತು.

“ಎದುರಿಗೆ ಅಷ್ಟುದ್ದ ದೀಪದ ಸಾಲಿದೆ, ಕಾಣಲ್ವೇನಮ್ಮಾ? ಇಳಿಸು!”

“ಸಾರ್, ಅದು ನಮ್ಮ ರನ್‌ವೇ ಅಲ್ಲ ಅನ್ಸುತ್ತೆ. ನಮ್ದು ಇನ್ನೂ ಎಡಕ್ಕೆ...”

“ನಂಗೇ ದಾರಿ ಹೇಳ್ಕೊಡ್ತೀಯಾ? ಬಾಯ್ಮುಚ್ಕೊಂಡು ಇಳಿಸು!”

ವಿಮಾನದೊಳಗೆ ಗುರುಗಳದೇ ಕೊನೆಯ ಮಾತು. ಅವಳು ಇಳಿಸಿದಳು. ನೆಲ ಮುಟ್ಟಿದ್ದು ಗಾಲಿಗೂ ಗೊತ್ತಾಗಲಿಲ್ಲ.

“ನೋಡಿದ್ಯಾ? ಕೊನೇಲಿ ನಾನು ಹಿಡ್ಕೊಂಡಿದ್ದಕ್ಕೆ ಬಚಾವಾದ್ವಿ. ನಿನ್ನ ಕೈಲಿ ಈ ಜನ್ಮದಲ್ಲಿ ಆಗಲ್ಲ ಬಿಡು,” ಎಂದರು ಧನಪಾಲ್, ಅಲ್ಲಿಯವರೆಗೂ ಕಟ್ಟಿಕೊಂಡಿದ್ದ ಕೈಯನ್ನು ಬಿಚ್ಚುತ್ತಾ.

ಅಷ್ಟರಲ್ಲಿ ಎರಡು ಮಿಲಿಟರಿ ಜೀಪುಗಳು ಬಂದು ಅಡ್ಡ ನಿಂತವು. ಬಂದೂಕು ಹಿಡಿದವರ ನಡುವಿನಿಂದ ಅಧಿಕಾರಿಯೊಬ್ಬ ಗುಡುಗಿದ. “ಕೇಳ್ದೆ ಮಾಡ್ದೆ ನಮ್ಮ ವಾಯುನೆಲೇಲಿ ವಿಮಾನ ಇಳಿಸಿದ್ದು ಯಾರು?”

ಧನಪಾಲ್ ಎರಡೂ ಕೈ ಮೇಲೆತ್ತಿದರು. “ಇವಳು ಸಾರ್! ಪೂರ್ತಿ ಇವಳೇ ಇಳಿಸಿದ್ದು. ನಾನು ಬೆರಳೂ ಸೋಕಿಸಿಲ್ಲ!”

ಸಿಂಚನಾ ಜೇಬಿನಿಂದ ಪೆನ್ನು ತೆಗೆದು ಅವರ ಮುಂದೆ ಹಿಡಿದಳು. “ಅದನ್ನೇ ಬರೆದು ಸಹಿ ಹಾಕ್ಬಿಡಿ ಸಾರ್, ಸಾಕ್ಷಿಗೆ ಇವರೆಲ್ಲ ಇದ್ದಾರೆ.”