ಹಸಿರು ಬಟ್ಟೆಯ ಕೆಳಗೆ

ಸೂಜಿ ಎದೆಗೆ ಇಳಿದದ್ದೇ ಸುಮಿತ್ರವ್ವನಿಗೆ ತನ್ನೊಳಗೆ ಯಾರೋ ದೀಪ ಹಿಡಿದು ನಡೆದು ಬಂದಂತಾಯಿತು. ಮರಗಟ್ಟಿಸಿದ್ದರಿಂದ ನೋವು ಗೊತ್ತಾಗಲಿಲ್ಲ. ಅದರ ಜೊತೆಗೆ ಕೊಟ್ಟ ಔಷಧಿಗೆ ಕಣ್ಣು ತಾವಾಗಿಯೇ ಮುಚ್ಚಿದ್ದವು. ಐವತ್ತೆಂಟು ವರ್ಷ ಹೊತ್ತು ತಿರುಗಿದ ಮೈಯೊಳಗೆ ಇಷ್ಟು ದಿನ ಬರೀ ಕತ್ತಲೆಯೇ ಇತ್ತಲ್ಲ ಎಂಬುದು ಈಗ ಹೊಳೆಯಿತು. ಪಾಪ, ಎಷ್ಟು ಬೇಸರ ಬಂದಿರಬೇಕು ಅದಕ್ಕೆ ಅನ್ನಿಸಿ ನಗು ಬಂತು.

“ನಗಬ್ಯಾಡ್ರಿ ಅವ್ವಾರ, ಸೂಜಿ ಅಲುಗತೈತಿ,” ಎಂದಳು ಡಾಕ್ಟರ್ ರೇಷ್ಮಾ. “ಹಿಂದಿನ ಎರಡೂ ಸಲ ಸೂಜಿ ಗಂಟಿನ ಪಕ್ಕಕ್ಕ ಹೋಗಿ ಏನೂ ತಿಳೀಲಿಲ್ಲ. ಇದು ಹೊಸಾದ್ರಿ, ತುದಿಗೆ ಬೆಳಕು ಐತಿ. ಒಳಗ ಬಡದು ಹೊಳ್ಳಿ ಬರತೈತಿ. ಪರದೆ ಮ್ಯಾಲ ನೀಲಿ ಗೆರಿ ಬಂದ್ರ ಚಲೋ, ಕೆಂಪು ಬಂದ್ರ ಸಂಶಯ. ಹೆಂಗ ಬಂದ್ರೂ ಒಂದ ಚೂರು ತಗೋತೀನಿ, ಲ್ಯಾಬಿನವ್ರು ನೋಡಿ ಖರೆ ಹೇಳತಾರ.”

ಪರದೆ ಇದ್ದದ್ದು ಗಂಡ ವಿರೂಪಾಕ್ಷಪ್ಪನ ಕಡೆಗೆ. ಅವನು ಸ್ಟೂಲಿನ ಮೇಲೆ ಕೂತು, ಹೊದಿಸಿದ ಹಸಿರು ಬಟ್ಟೆಯ ಕೆಳಗೆ ಹೆಂಡತಿಯ ಕೈ ಹಿಡಿದುಕೊಂಡಿದ್ದ. ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಯಾವ ದನದ ಸಂತೆಯನ್ನೂ ಬಿಡದ ದಲಾಲಿ. ಹಲ್ಲು ಸವೆದ ಎತ್ತನ್ನೂ ಹರೆಯದ ಹೋರಿಯೆಂದು ನಂಬಿಸುವ ಬಾಯಿ. ಬೆಳಿಗ್ಗೆ ಆ ಬಾಯಿ ಬಾಗಿಲಾಚೆ ಪಿಸುಗುಟ್ಟಿದ್ದು ಸುಮಿತ್ರವ್ವನ ಕಿವಿಗೆ ಬಿದ್ದಿತ್ತು: “ಏನ ಬಂದ್ರೂ ನನಗಷ್ಟ ಹೇಳ್ರಿ ಡಾಕ್ಟರ್ ಬಾಯಾರ. ಆಕಿಗೆ ಬ್ಯಾಡ. ಎದಿ ಒಡಕೋತಾಳ.” ಡಾಕ್ಟರು ಏನೆಂದಳೋ ಕೇಳಿಸಿರಲಿಲ್ಲ.

ಆಗಿನಿಂದ ಆಕೆಗೆ ರೋಗಕ್ಕಿಂತ ಆ ಮಾತಿನದೇ ಹೆದರಿಕೆ. ಅಕ್ಕ ಗದಿಗೆವ್ವನಿಗೂ ಮನೆಯವರು ಹೀಗೇ ರೋಗ ಮುಚ್ಚಿಟ್ಟಿದ್ದರು. ಸಾಯುವ ವಾರದಲ್ಲೂ ಆಕೆ, “ಈ ಪಿತ್ತ ಒಂದು ಇಳೀಲಿ, ಬಾಳೆಹೊಸೂರಿಗೆ ನಿನ್ನ ಮನಿಗೆ ಬರತೀನಿ,” ಅನ್ನುತ್ತಿದ್ದಳು. ಸುತ್ತ ಕೂತವರೆಲ್ಲ ಹೂಂ ಅಂದರು. ಸುಮಿತ್ರವ್ವನೂ ಅಂದಿದ್ದಳು. ಆ ಹೂಂ ಇವತ್ತಿಗೂ ಗಂಟಲು ಬಿಟ್ಟು ಇಳಿದಿರಲಿಲ್ಲ. ತನಗೆ ಯಾರೂ ಹಾಗೆ ಹೂಂ ಅನ್ನಬಾರದು, ಬಂದದ್ದು ಏನೇ ಇರಲಿ, ತನಗೆ ತಿಳಿಯಬೇಕು.

ಒಳಗಿನ ದೀಪ ಇನ್ನಷ್ಟು ಮುಂದಕ್ಕೆ ಹೋಯಿತು. ಆಕೆ ತವರೂರು ಲಕ್ಕುಂಡಿಯ ಹಳೆಯ ಬಾವಿಯ ಮೆಟ್ಟಿಲು ಇಳಿಯುತ್ತಿದ್ದಳು. ಕಲ್ಲು ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಕೊನೆಯ ಮೆಟ್ಟಿಲಲ್ಲಿ ಗದಿಗೆವ್ವ ಎರಡು ಜಡೆ ಹಾಕಿಕೊಂಡು, ಪರಕಾರ ಮೊಣಕಾಲಿಗೆ ಎತ್ತಿಕೊಂಡು, ನೀರಿನಲ್ಲಿ ಕಾಲಾಡಿಸುತ್ತ ಕೂತಿದ್ದಳು. “ಇಳಿಯಲೇ ಸುಮ್ಮಿ, ಹೆದರಬ್ಯಾಡ,” ಎಂದಳು. ನೀರಿನ ಮೇಲೆಲ್ಲ ಬೆಳಕು ಹರಡಿಕೊಂಡಿತ್ತು.

ಆಗ ಬಟ್ಟೆಯ ಕೆಳಗೆ ಯಾರೋ ಆಕೆಯ ಕಿರುಬೆರಳನ್ನು ಒಳಕ್ಕೆ ಮಡಚಿದರು.

ಸುಮಿತ್ರವ್ವ ಬಾವಿಯಿಂದ ಒಮ್ಮೆಲೇ ಮೇಲೆ ಬಂದಳು. ಸಂತೆಯಲ್ಲಿ ದಲಾಲಿಗಳು ಟವೆಲ್ಲಿನ ಕೆಳಗೆ ಕೈಯಲ್ಲೇ ಮಾತಾಡಿಕೊಳ್ಳುತ್ತಾರೆ. ದನಕ್ಕೆ ಐಬು ಇದೆ ಅಂತ ಮಾಲೀಕನ ಎದುರಿಗೆ ಬಾಯಿ ಬಿಡುವ ಹಾಗಿಲ್ಲ, ಜೊತೆಗಾರನ ಕಿರುಬೆರಳು ಮಡಚಿದರೆ ಮುಗಿಯಿತು. ಬಾಯಿ ಎಷ್ಟಾದರೂ ಸುಳ್ಳಾಡಲಿ, ಬಟ್ಟೆಯ ಕೆಳಗಿನ ಕೈ ಆಡಬಾರದು. ಮದುವೆಯಾದ ಹೊಸತರಲ್ಲಿ ವಿರೂಪಾಕ್ಷಪ್ಪನೇ ಇದನ್ನೆಲ್ಲ ಆಕೆಗೆ ನಗನಗುತ್ತ ಕಲಿಸಿದ್ದ. ಈಗ ಪರದೆಯ ಮೇಲೆ ಕಣ್ಣು ನೆಟ್ಟು ಕೂತವನ ಕೈ, ಅವನನ್ನು ಒಂದು ಮಾತೂ ಕೇಳದೆ, ರೂಢಿಯಂತೆ ಹೇಳಿಬಿಟ್ಟಿತ್ತು.

ಟಕ್ ಎಂದು ಸೂಜಿ ಚೂರನ್ನು ಕಚ್ಚಿತು. “ಆತ್ರಿ, ಮುಗೀತು,” ಎಂದಳು ಡಾಕ್ಟರು.

“ಗೆರಿ ಯಾವದು ಬಂತ್ರಿ?” ಸುಮಿತ್ರವ್ವ ಕಣ್ಣು ತೆರೆಯದೆ ಕೇಳಿದಳು.

ಡಾಕ್ಟರು ಏನೋ ಹೇಳಹೊರಟಳು. ವಿರೂಪಾಕ್ಷಪ್ಪ ನಡುವೆಯೇ ಬಾಯಿ ಹಾಕಿದ. “ನೀಲಿಲೇ! ಅಚ್ಚ ನೀಲಿ. ಏನೂ ಇಲ್ಲ ನಿನಗ, ಸಂಜಿಮುಂದ ಆರಾಮ ಮನಿಗೆ ಹೋಗೂಣು.”

ದನಿ ಸಂತೆಯಲ್ಲಿದ್ದಷ್ಟೇ ಗಟ್ಟಿಯಾಗಿತ್ತು. ಸುಮಿತ್ರವ್ವನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಯ್ಯೋ ಅನ್ನಿಸಿತು, ಇಷ್ಟು ವರ್ಷದಲ್ಲಿ ಎಂದೂ ಅನ್ನಿಸದಷ್ಟು ಅಕ್ಕರೆಯೂ ಬಂತು. ಆಕೆ ಕಣ್ಣು ತೆರೆದು ಅವನ ಕಡೆ ತಿರುಗಿದಳು.

“ನೀಲಿ ಐತ್ರಿ? ಹಂಗಾರ ನನ್ನ ಬೆರಳ ಬಿಡ್ರಿ.”

ಅವನು ಆಗಷ್ಟೇ ಬಟ್ಟೆಯತ್ತ ನೋಡಿದ. ಬೆರಳು ಬಿಡಲಿಲ್ಲ.