ಬೆಂಚಿಗೊಬ್ಬರು

ಟೈಲರಮ್ಮನೂ ಬರುವುದಿಲ್ಲವಂತೆ. ಮಂಡಿ ನೋವಂತೆ. ಪಾದ್ರಿಯವರು ಫೋನ್ ಕೆಳಗಿಟ್ಟು ಹಣೆ ಒತ್ತಿಕೊಂಡರು. ಬೆಳಗ್ಗೆಯಿಂದ ಇದೇ ರಾಗ. ಬಡಗಿಗೆ ಹಲ್ಲುನೋವು. ಬಸ್ ಡ್ರೈವರನಿಗೆ ಡ್ಯೂಟಿ. ಬಸ್ಸುಗಳು ಡಿಪೋದಿಂದ ಆಚೆ ಬಂದು ಎಷ್ಟು ಕಾಲವಾಯಿತೋ ದೇವರೇ ಬಲ್ಲ. ಸುಳ್ಳು ಹೇಳುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು, ಈ ಜನಕ್ಕೆ ಅದೂ ಇಲ್ಲ.

ಸೋಂಕಿನ ವರ್ಷದ ಕ್ರಿಸ್‌ಮಸ್. ಬೆಂಚಿಗೊಬ್ಬರನ್ನು ಕೂರಿಸಿ ಆರಾಧನೆ ನಡೆಸಬಹುದೆಂದು ಅಪ್ಪಣೆಯಾಗಿತ್ತು. ಇದ್ದದ್ದು ಬೆರಳೆಣಿಕೆಯ ಬೆಂಚು, ಕಾದಿದ್ದದ್ದು ಇಡೀ ಸಭೆ. ತಕರಾರು ಬೇಡವೆಂದು ಪಾದ್ರಿಯವರು ಚೀಟಿ ಎತ್ತಿಸಿ, ಹೆಸರು ಬಂದವರಿಗೆ ಒಂದೊಂದು ಹಿತ್ತಾಳೆ ಬಿಲ್ಲೆ ಕೊಟ್ಟಿದ್ದರು. ಬಿಲ್ಲೆ ಯಾರ ಕೈಲಿದೆಯೋ ಅವರಿಗೆ ಬೆಂಚು.

"ಅಮ್ಮನವರ ಚೀಟಿ ಹಾಕಲ್ವಾ ಅಯ್ಯನವರೇ?" ಎಂದು ಟೈಲರಮ್ಮ ಅವತ್ತೇ ಕೇಳಿದ್ದಳು. ಹೆಂಡತಿಗೇ ಜಾಗ ಮಾಡಿಕೊಟ್ಟರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಎಂದು ಪಾದ್ರಿಯವರು ಅವಳ ಬಾಯಿ ಮುಚ್ಚಿಸಿದ್ದರು.

ಅಷ್ಟೆಲ್ಲ ಆಸೆಪಟ್ಟು ಪಡೆದವರು ಈಗ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಕಾರಣ ಪಾದ್ರಿಯವರಿಗೆ ಗೊತ್ತಿತ್ತು. ಮನೆಯವರೂ ಹತ್ತಿರ ಹೋಗಲಾಗದ ಹೆಣಗಳ ಪಕ್ಕ ನಿಂತು ಪ್ರಾರ್ಥಿಸಿದ್ದು, ಮಣ್ಣು ಹಾಕಿದ್ದು ಅವರೇ. ಈಗ ಆ ಕೈಯಿಂದ ಆಶೀರ್ವಾದ ಪಡೆಯಲು ಯಾರಿಗೆ ಧೈರ್ಯ? ಮುಚ್ಚಿದ ಬಾಗಿಲಿನೊಳಗೆ ತಮ್ಮ ಉಸಿರು ತಾಗುವುದೆಂದು ಜನ ಹೆದರಿದ್ದಾರೆ. ತಪ್ಪು ಎನ್ನಲಾಗದು, ಆದರೆ ನೋವಾಗಿತ್ತು.

ಅವರ ಹೆಂಡತಿ ಹಿತ್ತಲಲ್ಲಿದ್ದಳು. ಸೋಂಕು ತಗುಲಿದ ಮನೆಗಳಿಗೆಲ್ಲ ಎರಡು ಹೊತ್ತು ಬೇಯಿಸಿ ಕಳಿಸುವುದು ಅವಳ ಪಾಲಿಗೆ ಬಂದ ಕೆಲಸ. ಆರಾಧನೆಯ ಹಾಡು ಅವಳ ಕಿವಿಗೆ ಬೀಳುತ್ತಿದ್ದುದು ಅಡುಗೆಮನೆಯ ಕಿಟಕಿಯಿಂದ ಮಾತ್ರ. ವಾಪಸ್ ಬಂದ ಕ್ಯಾರಿಯರ್‌ಗಳನ್ನು ಒಂದು ದಿನ ಮುಟ್ಟದೆ ಬಿಸಿಲಲ್ಲಿ ಬಿಟ್ಟು ಆಮೇಲೆ ತೊಳೆಯುವುದು ಅವಳ ಕಟ್ಟುನಿಟ್ಟು. ಇವತ್ತಂತೂ ವಾಸಿಯಾದ ಮನೆಗಳಲ್ಲಿ ಉಳಿದುಹೋಗಿದ್ದವೂ ಸೇರಿ ಎಲ್ಲ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಇವರಿಗೆ ಊಟ ಬೇಕಿತ್ತು, ಪಾದ್ರಿ ಬೇಡ ಎಂದುಕೊಂಡು ಪಾದ್ರಿಯವರು ಮುಖ ತಿರುಗಿಸಿದರು.

ಮತ್ತೆ ಫೋನ್. ಬೇಕರಿಯ ಅಜ್ಜ. ಕೆಮ್ಮೆಂದು ಹೇಳಿ, ಕೆಮ್ಮುವುದನ್ನೇ ಮರೆತ. "ನನ್ನ ಬೆಂಚು ಖಾಲಿ ಇರಲ್ಲ ಬಿಡಿ ಅಯ್ಯನವರೇ, ಬೇಜಾರು ಮಾಡ್ಕೋಬೇಡಿ" ಎಂದ. ಅವನೇ ಕೊನೆಯವನು. ಇನ್ನು ಖಾಲಿಯಾಗಲು ಬೆಂಚೇ ಉಳಿದಿರಲಿಲ್ಲ.

"ಹಬ್ಬ ಒಂದು ಮುಗೀಲಿ. ಬಿಷಪ್ಪರಿಗೆ ಹೇಳಿ ಈ ನಿಲುವಂಗಿ ಕಳಚಿಡ್ತೀನಿ. ನನಗೆ ಸಾಕಾಯ್ತು."

"ದಣಿದಿದ್ದೀರಿ. ಸ್ವಲ್ಪ ಮಲಗಿ" ಎಂದಳು ಹೆಂಡತಿ. ಅವಳ ದನಿಯಲ್ಲೂ ತ್ರಾಣವಿರಲಿಲ್ಲ.

ಮರುದಿನ ಬೆಳಗ್ಗೆ ಅವರೇ ಗಂಟೆ ಬಾರಿಸಿದರು, ಅವರೇ ಬಾಗಿಲು ತೆರೆದರು. ಒಬ್ಬರೂ ಬರಲಿಲ್ಲ. ಒರೆಸಿಟ್ಟ ಬೆಂಚುಗಳು ಬಿಕೋ ಎನ್ನುತ್ತಿದ್ದವು. ಕಿಟಕಿಯಿಂದ ನೋಡಿದರೆ ಕಾಂಪೌಂಡಿನ ಆಚೆ, ದೂರದೂರ ನಿಂತ ತಲೆಗಳು. ಟೈಲರಮ್ಮ ನೆಟ್ಟಗೆ, ತುದಿಗಾಲಲ್ಲಿ ನಿಂತು ಇಣುಕುತ್ತಿದ್ದಳು. ಬಡಗಿ, ಡ್ರೈವರ್, ಅಜ್ಜ ಎಲ್ಲರೂ ಇದ್ದರು. ಒಬ್ಬರನ್ನೊಬ್ಬರು ಕಂಡು ಕಕ್ಕಾಬಿಕ್ಕಿಯಾದಂತಿದ್ದರು.

ಒಳಗೆ ಬರುವ ಮನಸ್ಸಿಲ್ಲ, ತಮಾಷೆ ನೋಡಲು ಮಾತ್ರ ಬಂದಿದ್ದಾರೆ. ಪಾದ್ರಿಯವರಿಗೆ ಹಬ್ಬ ಮುಗಿಯುವವರೆಗೂ ಕಾಯಲಾಗಲಿಲ್ಲ. ನಿಲುವಂಗಿಯ ಮೊದಲ ಗುಂಡಿ ಬಿಚ್ಚಿದರು.

ಪಕ್ಕದ ಬಾಗಿಲಿನಿಂದ ಹೆಂಡತಿ ಬಂದಳು. ಕೈ ಇನ್ನೂ ಒದ್ದೆ. ಮಡಿಲಲ್ಲಿ ಏನನ್ನೋ ಹಿಡಿದುಕೊಂಡಿದ್ದಳು. ಹತ್ತಿರ ಬಂದು ಅದನ್ನು ಅವರ ಮುಂದಿನ ಮೇಜಿನ ಮೇಲೆ ಸುರಿದಳು. ಹಿತ್ತಾಳೆ ಬಿಲ್ಲೆಗಳು, ಒಂದೂ ಬಿಡದಂತೆ.

"ಕ್ಯಾರಿಯರ್ ತೊಳೆಯೋಣ ಅಂತ ಈಗ ಮುಚ್ಚಳ ತೆಗೆದೆ ರೀ, ಒಂದೊಂದರಲ್ಲೂ ಒಂದೊಂದು" ಎಂದಳು. "ಯಾರೂ ಯಾರಿಗೂ ಹೇಳ್ಕೊಂಡಿಲ್ಲ. ಎಲ್ಲಾ ಬೆಂಚೂ ನನಗೇ ಕೊಟ್ಟುಬಿಟ್ಟಿದ್ದಾರೆ, ಎಲ್ಲಿ ಕೂರಲಿ ಹೇಳಿ."